ಪನಾಮಾ ಕಾಲುವೆ ಕ್ರೂಸ್: ಪಶ್ಚಿಮಕ್ಕೆ ಹೋಗುವ ಹಡಗೋ, ಪೂರ್ವಕ್ಕೆ ಹೋಗುವ ಹಡಗೋ?

ಪನಾಮಾ ಕಾಲುವೆಯನ್ನು ದಾಟುವ ಕ್ರೂಸ್‌ಗಳಲ್ಲಿ ಒಂದೇ ದಾರಿಗೆ ಎರಡು ಬಗೆಯ ಟಿಕೆಟ್ ಸಿಗುತ್ತದೆ. ಫ್ಲಾರಿಡಾದಲ್ಲಿ ಹಡಗು ಹತ್ತಿ ಕ್ಯಾಲಿಫೋರ್ನಿಯಾದಲ್ಲಿ ಇಳಿಯಬಹುದು, ಇಲ್ಲವೇ ಕ್ಯಾಲಿಫೋರ್ನಿಯಾದಲ್ಲಿ ಹತ್ತಿ ಫ್ಲಾರಿಡಾದಲ್ಲಿ ಇಳಿಯಬಹುದು. ನಡುವೆ ಸಿಗುವ ಬಂದರುಗಳು ಹೆಚ್ಚುಕಡಿಮೆ ಅವೇ ಆಗಿರುತ್ತವೆ. ಆದ್ದರಿಂದ ಬಹಳಷ್ಟು ಜನ ರಜೆ ಹೊಂದುವ ತಾರೀಕನ್ನು ನೋಡಿ ಯಾವುದೋ ಒಂದನ್ನು ಕಾಯ್ದಿರಿಸುತ್ತಾರೆ. ಸ್ವಲ್ಪ ಓದಿಕೊಂಡವರು ಕಾಲುವೆಯನ್ನು ಯಾವ ಕಡೆಯಿಂದ ಪ್ರವೇಶಿಸಿದರೆ ಚೆನ್ನ ಎಂದು ಕೇಳುತ್ತಾರೆ. ಕೇಳಬೇಕಾದದ್ದೇ, ಆದರೆ ಅದನ್ನು ಕೊನೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಎರಡು ವಾರಗಳ ಆಸುಪಾಸಿನ ಈ ಪ್ರಯಾಣದಲ್ಲಿ ಕಾಲುವೆಯ ಪಾಲು ಒಂದು ಹಗಲು ಮಾತ್ರ. ಕಡಲಿನಲ್ಲಿ ಕಳೆಯುವ ಉಳಿದ ದಿನಗಳ ನಿದ್ದೆ, ಗಾಳಿ, ಬಿಸಿಲು, ಹೊಯ್ದಾಟ ಎಲ್ಲವೂ ಹಡಗಿನ ಮೂತಿ ಯಾವ ಕಡೆಗಿದೆ ಎಂಬುದನ್ನು ಅವಲಂಬಿಸಿರುತ್ತವೆ. ಹಾಗಾಗಿ ಈ ಲೇಖನದಲ್ಲಿ ಆ ದಿನಗಳಿಂದ ಆರಂಭಿಸಿ, ಆಮೇಲೆ ಕಾಲುವೆಗೆ ಬರುತ್ತೇನೆ.

ಮೊದಲು ಟಿಕೆಟ್ ಯಾವ ಬಗೆಯದೆಂದು ನೋಡಿ

ಪನಾಮಾ ಕಾಲುವೆ ಎಂಬ ಹೆಸರಿನಲ್ಲಿ ಮಾರಾಟವಾಗುವ ಎಲ್ಲ ಕ್ರೂಸ್‌ಗಳೂ ಕಾಲುವೆಯನ್ನು ದಾಟುವುದಿಲ್ಲ. ಫ್ಲಾರಿಡಾದಿಂದ ಹೊರಟು ಫ್ಲಾರಿಡಾಕ್ಕೇ ಮರಳುವ ಪ್ರಯಾಣವಾದರೆ, ಹಡಗು ಕೆರಿಬಿಯನ್ ಕಡೆಯ ಲಾಕ್‌ಗಳನ್ನು (ನೀರು ತುಂಬಿ ಹಡಗನ್ನು ಮೇಲೆತ್ತುವ ಕೊಠಡಿಗಳನ್ನು) ಏರಿ ಕಾಲುವೆಯ ನಡುವಿನ ಗಾಟುನ್ ಸರೋವರದಲ್ಲಿ ಕೆಲವು ತಾಸು ನಿಂತು, ಬಂದ ದಾರಿಯಲ್ಲೇ ಇಳಿದುಹೋಗುತ್ತದೆ. ಇದನ್ನು ಭಾಗಶಃ ದಾಟುವಿಕೆ ಎನ್ನುತ್ತಾರೆ. ಇಲ್ಲಿ ದಿಕ್ಕಿನ ಪ್ರಶ್ನೆಯೇ ಇಲ್ಲ, ಬೆಟ್ಟ ಕಡಿದು ಮಾಡಿದ ಕುಲೆಬ್ರಾ ಕಣಿವೆಯಾಗಲಿ ಪೆಸಿಫಿಕ್ ಕಡೆಯ ಲಾಕ್‌ಗಳಾಗಲಿ ಕಾಣಸಿಗುವುದೂ ಇಲ್ಲ. ದಿಕ್ಕು ಆರಿಸುವ ಅವಕಾಶ ಇರುವುದು ಒಂದು ಸಾಗರದಿಂದ ಇನ್ನೊಂದು ಸಾಗರಕ್ಕೆ ಹೋಗುವ ಪೂರ್ಣ ದಾಟುವಿಕೆಯಲ್ಲಿ ಮಾತ್ರ.

ಎರಡು ವಾರ ಬಿಡುವಿಲ್ಲದವರಿಗೆ ಮೂರನೆಯ ದಾರಿಯೊಂದಿದೆ. ಪನಾಮಾ ನಗರದಿಂದಲೇ ಹೊರಡುವ ಸಣ್ಣ ಪ್ರವಾಸಿ ದೋಣಿಗಳು ಒಂದು ದಿನದಲ್ಲಿ ಕಾಲುವೆಯನ್ನು ಪೂರ್ತಿಯಾಗಿಯೋ ಅರ್ಧವೋ ದಾಟಿಸುತ್ತವೆ, ಇನ್ನೊಂದು ತುದಿಯಿಂದ ಬಸ್ಸಿನಲ್ಲಿ ವಾಪಸು ಕರೆತರುತ್ತವೆ. ಅಲ್ಲಿ ಆ ದಿನದ ದಿಕ್ಕನ್ನು ತೀರ್ಮಾನಿಸುವುದು ಕಾಲುವೆಯ ವೇಳಾಪಟ್ಟಿಯೇ ಹೊರತು ಪ್ರಯಾಣಿಕರ ಇಚ್ಛೆಯಲ್ಲ.

ದಿಕ್ಕಿನ ಹೆಸರುಗಳನ್ನು ಸರಿಮಾಡಿಕೊಳ್ಳಿ

ಕ್ರೂಸ್ ಕಂಪನಿಗಳು ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೋಗುವುದನ್ನು ಪಶ್ಚಿಮಾಭಿಮುಖ ಎಂದೂ ಅದರ ವಿರುದ್ಧದ್ದನ್ನು ಪೂರ್ವಾಭಿಮುಖ ಎಂದೂ ಕರೆಯುತ್ತವೆ. ಇಡೀ ಪ್ರಯಾಣದ ಲೆಕ್ಕದಲ್ಲಿ ಇದು ಸರಿ. ಆದರೆ ಪನಾಮಾ ಭೂಸಂಧಿ ಅಲ್ಲಿ ಅಡ್ಡಲಾಗಿ ಬಾಗಿ ಮಲಗಿರುವುದರಿಂದ ಕಾಲುವೆ ವಾಯವ್ಯದಿಂದ ಆಗ್ನೇಯಕ್ಕೆ ಹರಿದಿದೆ. ಪೆಸಿಫಿಕ್ ಕಡೆಯ ಬಾಯಿ ಇರುವುದು ಅಟ್ಲಾಂಟಿಕ್ ಕಡೆಯ ಬಾಯಿಗಿಂತ ಸುಮಾರು 40 ಕಿ.ಮೀ. ಪೂರ್ವಕ್ಕೆ. ಅಂದರೆ ಪಶ್ಚಿಮಾಭಿಮುಖ ಟಿಕೆಟ್ ಹಿಡಿದವರು ಕಾಲುವೆಯ ದಿನ ಪೂರ್ವದ ಕಡೆಗೇ ಸಾಗುತ್ತಿರುತ್ತಾರೆ! ಪನಾಮಾ ನಗರದ ದಂಡೆಯಲ್ಲಿ ನಿಂತವರಿಗೆ ಸೂರ್ಯ ಪೆಸಿಫಿಕ್ ಸಾಗರದ ಮೇಲೆ ಹುಟ್ಟುವುದಕ್ಕೂ ಇದೇ ಕಾರಣ. ಈ ಗೊಂದಲ ಬೇಡವೆಂದೇ ಕಾಲುವೆಯ ಸಿಬ್ಬಂದಿ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೋಗುವ ಹಡಗನ್ನು ದಕ್ಷಿಣಕ್ಕೆ ಹೋಗುವುದೆಂದೂ ಪೆಸಿಫಿಕ್‌ನಿಂದ ಬರುವುದನ್ನು ಉತ್ತರಕ್ಕೆ ಹೋಗುವುದೆಂದೂ ಹೇಳುತ್ತಾರೆ. ಬಿಸಿಲು ಯಾವ ಪಕ್ಕಕ್ಕೆ ಬೀಳುತ್ತದೆ ಎಂದು ಲೆಕ್ಕ ಹಾಕುವಾಗ ಈ ಮಾತು ಬೇಕಾಗುತ್ತದೆ, ನೆನಪಿನಲ್ಲಿರಲಿ.

ತಿಂಗಳೇ ಅರ್ಧ ತೀರ್ಮಾನ ಮಾಡಿಬಿಡುತ್ತದೆ

ಬೇಸಿಗೆಯಲ್ಲಿ ಅಲಾಸ್ಕಾದ ಕಡೆ ಓಡುವ ಹಡಗುಗಳಲ್ಲಿ ಹಲವು ಚಳಿಗಾಲಕ್ಕೆ ಕೆರಿಬಿಯನ್ ಸಮುದ್ರಕ್ಕೆ ಬರುತ್ತವೆ. ಹೀಗೆ ಜಾಗ ಬದಲಿಸುವ ಹಡಗುಗಳು ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಪೆಸಿಫಿಕ್‌ನಿಂದ ಅಟ್ಲಾಂಟಿಕ್‌ಗೆ, ಏಪ್ರಿಲ್–ಮೇ ಹೊತ್ತಿಗೆ ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಕಾಲುವೆಯನ್ನು ದಾಟುತ್ತವೆ. ಹಡಗು ಹೇಗೂ ಹೋಗಲೇಬೇಕಾದ ದಾರಿ ಅದಾದ್ದರಿಂದ ಈ ಪ್ರಯಾಣಗಳ ದರ ಬಹಳ ಸಲ ಇಳಿದಿರುತ್ತದೆ. ಆದರೆ ಆ ಎರಡು ಹಂಗಾಮುಗಳಲ್ಲಿ ನಿಮಗೆ ಬೇಕಾದ ದಿಕ್ಕಿನ ಹಡಗು ಸುಲಭವಾಗಿ ಸಿಗುವುದಿಲ್ಲ. ಎರಡೂ ಕಡೆಗೆ ಹಡಗುಗಳಿದ್ದು ನಿಜವಾಗಿ ಆರಿಸಿಕೊಳ್ಳಲು ಸಾಧ್ಯವಾಗುವುದು ಮುಖ್ಯವಾಗಿ ಚಳಿಗಾಲದ ನಡುವಿನ ತಿಂಗಳುಗಳಲ್ಲಿ.

ಪನಾಮಾದಲ್ಲಿ ಡಿಸೆಂಬರ್ ನಡುವಿನಿಂದ ಏಪ್ರಿಲ್‌ವರೆಗೆ ಒಣ ಹವೆ, ಉಳಿದ ತಿಂಗಳುಗಳಲ್ಲಿ ಮಳೆ. ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಮಳೆಯ ಜೋರು ಹೆಚ್ಚು. ಅಟ್ಲಾಂಟಿಕ್ ಚಂಡಮಾರುತಗಳ ಕಾಲವೆಂದು ಲೆಕ್ಕ ಹಿಡಿಯುವುದು ಜೂನ್ 1ರಿಂದ ನವೆಂಬರ್ 30ರವರೆಗೆ, ಪೂರ್ವ ಪೆಸಿಫಿಕ್‌ನಲ್ಲಿ ಅದು ಮೇ 15ಕ್ಕೇ ಶುರುವಾಗುತ್ತದೆ. ಪನಾಮಾ ಈ ಚಂಡಮಾರುತಗಳ ಹಾದಿಗಿಂತ ದಕ್ಷಿಣಕ್ಕಿದೆ, ಆದರೆ ಮೆಕ್ಸಿಕೋ ಕರಾವಳಿ ಆ ಹಾದಿಯಲ್ಲೇ ಇದೆ. ಹಾಗಾಗಿ ಅಕ್ಟೋಬರ್‌ನಲ್ಲಿ ಅಗ್ಗವಾಗಿ ಸಿಗುವ ಪೂರ್ವಾಭಿಮುಖ ಟಿಕೆಟ್‌ನ ಜೊತೆಗೆ ಮಳೆಯೂ, ಯಾವುದಾದರೊಂದು ಬಂದರನ್ನು ಬಿಟ್ಟು ಮುಂದೆ ಹೋಗುವ ಸಾಧ್ಯತೆಯೂ ಬರುತ್ತವೆ. ಏಪ್ರಿಲ್‌ನ ಪಶ್ಚಿಮಾಭಿಮುಖ ಟಿಕೆಟ್‌ಗೆ ಆ ಭಯವಿಲ್ಲ, ಅದಕ್ಕಿರುವ ತೊಂದರೆಯೇ ಬೇರೆ, ಅದನ್ನು ಗಾಳಿಯ ಭಾಗದಲ್ಲಿ ಹೇಳುತ್ತೇನೆ.

ಗಡಿಯಾರದ ಲೆಕ್ಕ

ಫ್ಲಾರಿಡಾಕ್ಕೂ ಕ್ಯಾಲಿಫೋರ್ನಿಯಾಕ್ಕೂ ಮೂರು ತಾಸುಗಳ ಅಂತರವಿದೆ. ಪಶ್ಚಿಮಕ್ಕೆ ಹೋಗುವವರಿಗೆ ದಾರಿಯಲ್ಲಿ ಮೂರು ರಾತ್ರಿ ಗಡಿಯಾರವನ್ನು ಒಂದೊಂದು ತಾಸು ಹಿಂದಕ್ಕೆ ತಿರುಗಿಸಲು ಹೇಳುತ್ತಾರೆ, ಅಂದರೆ ಆ ದಿನಗಳಿಗೆ 25 ತಾಸು. ಪೂರ್ವಕ್ಕೆ ಹೋಗುವವರು ಅದೇ ಮೂರು ತಾಸುಗಳನ್ನು ಕಳೆದುಕೊಳ್ಳುತ್ತಾರೆ, ಅವರ ದಿನಕ್ಕೆ 23 ತಾಸು. ಕಾಗದದ ಮೇಲೆ ಇದು ಸಣ್ಣದಾಗಿ ಕಾಣುತ್ತದೆ. ಆದರೆ ಮರುದಿನ ಬೆಳಿಗ್ಗೆ ಏಳು ಗಂಟೆಗೆ ಬಂದರಿನಲ್ಲಿ ಬಸ್ಸು ಕಾಯುತ್ತಿದೆ, ದೇಹದ ಲೆಕ್ಕದಲ್ಲಿ ಇನ್ನೂ ಆರು ಎಂದಾದಾಗ ವಯಸ್ಸಾದವರಿಗೂ ಮಕ್ಕಳಿಗೂ ಅದು ಸರಿಯಾಗಿಯೇ ತಟ್ಟುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪನಾಮಾ ವರ್ಷವಿಡೀ ಒಂದೇ ಗಡಿಯಾರವನ್ನು ಇಟ್ಟುಕೊಂಡಿದೆ, ಅದು ಚಳಿಗಾಲದ ಫ್ಲಾರಿಡಾದ ಗಂಟೆಗೆ ಸಮ. ಆದ್ದರಿಂದ ಚಳಿಗಾಲದಲ್ಲಿ ಫ್ಲಾರಿಡಾದಿಂದ ಹೊರಟವರು ಕಾಲುವೆಯ ದಿನದವರೆಗೆ ಸಾಮಾನ್ಯವಾಗಿ ಗಡಿಯಾರವನ್ನು ಮುಟ್ಟಬೇಕಾಗಿಲ್ಲ, ಮೂರೂ ತಾಸುಗಳು ಆಮೇಲೆ ಬಿಡುವಿನ ದಿನಗಳಲ್ಲಿ ಸಿಗುತ್ತವೆ. ಕ್ಯಾಲಿಫೋರ್ನಿಯಾದಿಂದ ಹೊರಟವರಾದರೆ ಮೂರೂ ತಾಸುಗಳನ್ನು ಕಳೆದುಕೊಂಡ ಮೇಲೆಯೇ ಕಾಲುವೆಯ ಬಾಯಿಗೆ ಬಂದಿರುತ್ತಾರೆ, ಆ ದಿನವೋ ಬೆಳಕು ಹರಿಯುವ ಮೊದಲೇ ಎದ್ದು ಡೆಕ್ ಮೇಲೆ ಜಾಗ ಹಿಡಿಯಬೇಕಾದ ದಿನ. ನಿದ್ದೆ ಕೆಟ್ಟರೆ ಮೂರು ದಿನ ತಲೆನೋವು ಹಿಡಿಯುವ ಜಾತಿಯವರು ನೀವಾಗಿದ್ದರೆ ಇಲ್ಲಿಗೇ ನಿಲ್ಲಿಸಿ ಪಶ್ಚಿಮಾಭಿಮುಖ ಟಿಕೆಟ್ ತೆಗೆದುಕೊಂಡರೂ ತಪ್ಪಿಲ್ಲ.

ಗಾಳಿ ಮತ್ತು ಅಲೆ

ಕೆರಿಬಿಯನ್ ಸಮುದ್ರದಲ್ಲಿ ವಾಣಿಜ್ಯ ಮಾರುತಗಳು ಪೂರ್ವ ಮತ್ತು ಈಶಾನ್ಯದಿಂದ ಬೀಸುತ್ತವೆ. ಕೊಲಂಬಿಯಾದ ಕರಾವಳಿಯಾಚೆ ಜನವರಿ–ಫೆಬ್ರುವರಿಯಲ್ಲಿ ಅವುಗಳ ಬಲ ಹೆಚ್ಚು. ಕಾಲುವೆಯಿಂದ ಹೊರಬಿದ್ದು ಕೊಲಂಬಿಯಾದ ಕಾರ್ಟಹೇನಾ ಬಂದರು ಅಥವಾ ಅರೂಬಾ ದ್ವೀಪದ ಕಡೆಗೆ ಹೋಗುವ ಹಡಗು ನೇರವಾಗಿ ಈ ಗಾಳಿಗೆ ಎದುರಾಗಿ ಸಾಗುತ್ತದೆ. ಅರೂಬಾದಿಂದ ಕಾಲುವೆಯ ಕಡೆಗೆ ಬರುವ ಹಡಗಿಗೆ ಅದೇ ಗಾಳಿ ಬೆನ್ನಿಗಿರುತ್ತದೆ. ಎದುರಲೆಯಲ್ಲಿ ಹಡಗಿನ ಮೂತಿ ಎದ್ದೆದ್ದು ಬೀಳುತ್ತದೆ, ಮುಂಭಾಗದ ಕೋಣೆಗಳಲ್ಲಿರುವವರಿಗೆ ಇದರ ಕಷ್ಟ ಜಾಸ್ತಿ. ಒಟ್ಟಿನಲ್ಲಿ ಕೆರಿಬಿಯನ್ ಭಾಗ ಪಶ್ಚಿಮಕ್ಕೆ ಹೋಗುವವರಿಗೆ ಹಿತ.

ಪೆಸಿಫಿಕ್ ಕಡೆ ಲೆಕ್ಕ ತಿರುಗುಮುರುಗಾಗುತ್ತದೆ. ಕ್ಯಾಲಿಫೋರ್ನಿಯಾ ಮತ್ತು ಅದರ ದಕ್ಷಿಣಕ್ಕಿರುವ ಮೆಕ್ಸಿಕೋದ ಬಾಹಾ ಕರಾವಳಿಯುದ್ದಕ್ಕೂ ಗಾಳಿ ಬೀಸುವುದು, ಅಲೆ ಬರುವುದು ವಾಯವ್ಯದಿಂದ. ವಸಂತಕಾಲದಲ್ಲಿ ಇದು ಇನ್ನೂ ಬಿರುಸಾಗುತ್ತದೆ. ಬಾಹಾದ ದಕ್ಷಿಣ ತುದಿಯ ಕಾಬೋ ಸಾನ್ ಲೂಕಸ್ ಬಿಟ್ಟು ಉತ್ತರಕ್ಕೆ ತಿರುಗಿದ ಹಡಗಿಗೆ ಕೊನೆಯ ಎರಡು ದಿನ ಎದುರುಗಾಳಿ, ಎದುರಲೆ, ಜೊತೆಗೆ ಉತ್ತರದಿಂದ ಇಳಿದು ಬರುವ ತಣ್ಣನೆಯ ಪ್ರವಾಹ. ಏಪ್ರಿಲ್‌ನ ಪಶ್ಚಿಮಾಭಿಮುಖ ಪ್ರಯಾಣದ ತೊಂದರೆ ಎಂದು ಮೇಲೆ ಹೇಳಿದ್ದು ಇದನ್ನೇ. ಹತ್ತು ದಿನ ತೆಳು ಹತ್ತಿ ಬಟ್ಟೆಯಲ್ಲಿ ಓಡಾಡಿದವರು ಕೊನೆಯ ಎರಡು ದಿನ ಸ್ವೆಟರ್ ಹುಡುಕುತ್ತಾರೆ, ಡೆಕ್ ಮೇಲಿನ ಕುರ್ಚಿಗಳು ಖಾಲಿಯಾಗುತ್ತವೆ. ಪೂರ್ವಾಭಿಮುಖ ಹಡಗಿನಲ್ಲಿ ಆ ಎರಡು ದಿನಗಳು ಪ್ರಯಾಣದ ಆರಂಭದಲ್ಲೇ ಬಂದು ಮುಗಿಯುತ್ತವೆ, ಗಾಳಿಯೂ ಹಿಂದಿನಿಂದ ತಳ್ಳುತ್ತಿರುತ್ತದೆ, ದಿನದಿಂದ ದಿನಕ್ಕೆ ನೀರೂ ಹವೆಯೂ ಬೆಚ್ಚಗಾಗುತ್ತಾ ಹೋಗುತ್ತವೆ.

ಮೆಕ್ಸಿಕೋದ ದಕ್ಷಿಣದಲ್ಲಿರುವ ತೆಹುವಾಂತೆಪೆಕ್ ಕೊಲ್ಲಿಯ ಬಗ್ಗೆಯೂ ಹೇಳಬೇಕು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಬೆಟ್ಟಸಾಲಿನ ನಡುವಿನ ಸಂದಿನಿಂದ ನುಗ್ಗಿ ಬರುವ ಉತ್ತರದ ಗಾಳಿ ಕೆಲವೊಮ್ಮೆ ಬಿರುಗಾಳಿಯ ಮಟ್ಟಕ್ಕೆ ಏರುತ್ತದೆ. ಆದರೆ ಅದು ಎರಡೂ ದಿಕ್ಕಿನ ಹಡಗುಗಳಿಗೆ ಅಡ್ಡಗಾಳಿಯೇ, ಹಾಗಾಗಿ ದಿಕ್ಕು ಆರಿಸುವುದಕ್ಕೆ ಅದರಿಂದ ಏನೂ ತಿಳಿಯುವುದಿಲ್ಲ.

ಹಿಂಗಾಳಿ ಎಂದೊಡನೆ ಸುಖವೆಂದು ತಿಳಿಯಬೇಡಿ. ಹಡಗಿನ ವೇಗವೂ ಹಿಂದಿನಿಂದ ಬೀಸುವ ಗಾಳಿಯ ವೇಗವೂ ಒಂದೇ ಆದರೆ ಡೆಕ್ ಮೇಲೆ ನಿಂತವರಿಗೆ ಗಾಳಿಯೇ ಇಲ್ಲದಂತಾಗುತ್ತದೆ. ಉಷ್ಣವಲಯದ ನಡುಹಗಲಿನಲ್ಲಿ, ಧ್ವಜವೂ ಅಲುಗಾಡದೆ ಜೋತುಬಿದ್ದಿರುವ ಅಂಥ ಹೊತ್ತಿನಲ್ಲಿ, ಮೇಲಿನ ಡೆಕ್ ಕಾದ ಕಾವಲಿಯಂತಾಗುತ್ತದೆ. ಹೊಯ್ದಾಟಕ್ಕೆ ಹೆದರದವರು ಎದುರುಗಾಳಿಯನ್ನೇ ಬಯಸುವುದು ಈ ಕಾರಣಕ್ಕೆ.

ಎರಡು ತುದಿಗಳ ವಿಚಾರ

ಇದನ್ನು ಬೇಗ ಮುಗಿಸುತ್ತೇನೆ. ವಿದೇಶಿ ಧ್ವಜದ ಹಡಗೊಂದು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡ ಪ್ರಯಾಣಿಕರನ್ನು ಅಮೆರಿಕದ ಇನ್ನೊಂದು ಬಂದರಿನಲ್ಲಿ ಇಳಿಸಬೇಕಾದರೆ ನಡುವೆ ಒಂದು ದೂರದ ವಿದೇಶಿ ಬಂದರನ್ನು ಮುಟ್ಟಿಯೇ ತೀರಬೇಕೆಂಬುದು 1886ರ ಕಾನೂನೊಂದರ ಕಟ್ಟುಪಾಡು. ಮೆಕ್ಸಿಕೋ, ಮಧ್ಯ ಅಮೆರಿಕ ಮತ್ತು ಬಹುಪಾಲು ಕೆರಿಬಿಯನ್ ದ್ವೀಪಗಳು ದೂರದವು ಎಂಬ ಲೆಕ್ಕಕ್ಕೆ ಬರುವುದಿಲ್ಲ, ದಕ್ಷಿಣ ಅಮೆರಿಕದ ಕಾರ್ಟಹೇನಾ ಬರುತ್ತದೆ, ಅರೂಬಾವೂ ಬರುತ್ತದೆ. ಎರಡೂ ದಿಕ್ಕಿನ ಪಟ್ಟಿಗಳಲ್ಲಿ ಇಂಥ ಒಂದು ಬಂದರಾದರೂ ಕಾಣಿಸುವುದರ ಹಿಂದಿನ ಕಾರಣ ಇದು. ದಿಕ್ಕು ಬದಲಿಸಿದರೆ ಇಂಥ ಬಂದರು ತಪ್ಪಿಹೋಗುತ್ತದೆಯೇ ಎಂದು ಚಿಂತಿಸಬೇಕಾಗಿಲ್ಲ. ಆದರೆ ನಡುವಿನ ಬಂದರಿನಲ್ಲಿ ಹತ್ತುವ ಅಥವಾ ಮೊದಲೇ ಇಳಿದುಕೊಳ್ಳುವ ಯೋಚನೆಯಿದ್ದರೆ ಕಂಪನಿಯನ್ನು ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕು. ಅಮೆರಿಕದ ವೀಸಾ ಬೇಕಾದವರಿಗೆ ಯಾವ ದಿಕ್ಕಿನಲ್ಲಿ ಹೋದರೂ ಬಹುಪ್ರವೇಶದ ವೀಸಾ ಬೇಕಾಗುತ್ತದೆ, ಏಕೆಂದರೆ ಹಡಗು ದೇಶದಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತದೆ.

ಇನ್ನು ಕಾಲುವೆಯ ಹಗಲು

ಈಗ ಎಲ್ಲರೂ ಮೊದಲು ಕೇಳುವ ಪ್ರಶ್ನೆಗೆ ಬರೋಣ. 1914ರ ಆಗಸ್ಟ್ 15ರಂದು ತೆರೆದ ಈ ಕಾಲುವೆಯ ಉದ್ದ ಸುಮಾರು 80 ಕಿ.ಮೀ., ದಾಟಲು ಹಿಡಿಯುವುದು ಎಂಟರಿಂದ ಹತ್ತು ತಾಸು. ನಡುವೆ ಇರುವ ಗಾಟುನ್ ಸರೋವರ ಸಮುದ್ರಮಟ್ಟದಿಂದ 26 ಮೀಟರ್ ಎತ್ತರದಲ್ಲಿದೆ. ಒಂದು ಸಾಗರದಿಂದ ಹಡಗನ್ನು ಆ ಎತ್ತರಕ್ಕೆ ಏರಿಸಿ ಇನ್ನೊಂದು ಸಾಗರಕ್ಕೆ ಇಳಿಸುವುದೇ ಇಲ್ಲಿ ನಡೆಯುವ ಕೆಲಸ. ಇದಕ್ಕೆ ಪಂಪುಗಳನ್ನು ಬಳಸುವುದಿಲ್ಲ. ಎರಡು ತುದಿಗೂ ಉಕ್ಕಿನ ಕದಗಳಿರುವ ಲಾಕ್ ಎಂಬ ಕೊಠಡಿಗೆ ಸರೋವರದ ನೀರು ತನ್ನ ಭಾರದಿಂದಲೇ ಇಳಿದು ಬಂದು ಹಡಗನ್ನು ಎತ್ತುತ್ತದೆ. ಹಳೆಯ ಲಾಕ್‌ಗಳಲ್ಲಿ ಒಂದು ಹಡಗು ದಾಟಲು ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರದ ಪಾಲಾಗುತ್ತದೆ.

ಅಟ್ಲಾಂಟಿಕ್ ಕಡೆ ಗಾಟುನ್‌ನಲ್ಲಿ ಮೂರು ಮೆಟ್ಟಿಲುಗಳು ಒಂದರ ಹಿಂದೆ ಒಂದರಂತೆ ಸೇರಿಕೊಂಡಿವೆ. ಪೆಸಿಫಿಕ್ ಕಡೆ ಮೂರು ಮೆಟ್ಟಿಲುಗಳು ಎರಡು ಕಡೆ ಹಂಚಿಹೋಗಿವೆ, ಪೆದ್ರೊ ಮಿಗೆಲ್‌ನಲ್ಲಿ ಒಂದು, ಚಿಕ್ಕದೊಂದು ಸರೋವರ ದಾಟಿದ ಮೇಲೆ ಮಿರಾಫ್ಲೋರೆಸ್‌ನಲ್ಲಿ ಎರಡು. ಎರಡೂ ದಿಕ್ಕಿನವರ ಅನುಭವ ಬೇರೆಯಾಗುವುದು ಈ ಹಂಚಿಕೆಯಿಂದ.

ಅಟ್ಲಾಂಟಿಕ್ ಕಡೆಯಿಂದ ಬರುವವರಿಗೆ ಸಾಮಾನ್ಯವಾಗಿ ಬೆಳಗಿನ ತಂಪಿನಲ್ಲಿ ಗಾಟುನ್‌ನ ಮೂರೂ ಏರಿಕೆಗಳು ಒಮ್ಮೆಗೇ ಸಿಗುತ್ತವೆ. ಆಮೇಲೆ ಮಧ್ಯಾಹ್ನದವರೆಗೆ ಸರೋವರ, ಕಾಡು ಮುಚ್ಚಿದ ದ್ವೀಪಗಳು. ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಮುಳುಗದೆ ಉಳಿದ ಗುಡ್ಡದ ತಲೆಗಳು ಅವು. ಹಡಗಿನಲ್ಲಿ ಊಟದ ಹೊತ್ತು, ಡೆಕ್ ಮೇಲೆ ಜನ ಕಡಿಮೆ. ಮಧ್ಯಾಹ್ನದ ಮೇಲೆ ಕುಲೆಬ್ರಾ ಕಣಿವೆ ಬರುತ್ತದೆ, ಎರಡು ಸಾಗರಗಳ ಕಡೆಗೆ ಹರಿಯುವ ನೀರನ್ನು ಬೇರ್ಪಡಿಸುವ ಬೆಟ್ಟಸಾಲನ್ನೇ ಕಡಿದು ಮಾಡಿದ ಸುಮಾರು 13 ಕಿ.ಮೀ. ದಾರಿ, ಇಕ್ಕೆಲದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕೊಯ್ದ ಬೆಟ್ಟಗಳು. ಆಮೇಲೆ ಇಳಿಕೆಗಳು, ಸಂಜೆಯ ಹೊತ್ತಿಗೆ 1962ರ ಅಮೆರಿಕಾಸ್ ಸೇತುವೆ, ಆಚೆ ಪನಾಮಾ ನಗರದ ಗಗನಚುಂಬಿಗಳು. ಹೀಗೆ ನೋಡುವಂಥದ್ದು ಬೆಳಗಿಗೂ ಸಂಜೆಗೂ ಹಂಚಿಕೆಯಾಗಿ ನಡುವೆ ಉಸಿರಾಡಲು ಬಿಡುವು ಸಿಗುತ್ತದೆ.

ಪೆಸಿಫಿಕ್‌ನಿಂದ ಬರುವವರಿಗೆ ಸೇತುವೆ, ಮಿರಾಫ್ಲೋರೆಸ್, ಪೆದ್ರೊ ಮಿಗೆಲ್, ಕುಲೆಬ್ರಾ ಎಲ್ಲವೂ ಬೆಳಿಗ್ಗೆಯೇ, ಒಂದರ ಬೆನ್ನಿಗೆ ಒಂದು. ತಿಂಡಿ ತಿನ್ನಲು ಒಳಗೆ ಹೋದವರಿಗೆ ಒಂದು ಲಾಕ್ ತಪ್ಪಿಹೋಗಿರುತ್ತದೆ. ಊಟದ ಹೊತ್ತಿಗೆ ಸರೋವರ, ಮಧ್ಯಾಹ್ನದ ಮೇಲೆ ಗಾಟುನ್‌ನ ಇಳಿಕೆ. ಈ ಇಳಿಕೆಯಲ್ಲಿ ಒಂದು ವಿಶೇಷವಿದೆ. ಹಡಗಿನ ಮೂತಿಯ ಬಳಿ ನಿಂತರೆ ಕೆಳಗೆ ಮೂರು ಕೊಠಡಿಗಳು ಮೆಟ್ಟಿಲಿನಂತೆ ಇಳಿದು ಅಟ್ಲಾಂಟಿಕ್ ಕಡೆಗೆ ತೆರೆದುಕೊಳ್ಳುವುದು ಒಂದೇ ನೋಟದಲ್ಲಿ ಕಾಣುತ್ತದೆ. ಏರುವಾಗ ಎದುರಿಗೆ ಕಾಣುವುದು ಕದ ಮತ್ತು ಕಾಂಕ್ರೀಟ್ ಗೋಡೆ. ಕಾಲುವೆಯ ರಚನೆ ಹೇಗಿದೆ ಎಂದು ಕಣ್ಣಾರೆ ಅರ್ಥವಾಗುವುದು ಇಳಿಯುವಾಗಲೇ.

ಹಾಗಾದರೆ ಯಾವುದು ಮೇಲು? ಒಣ ಹಂಗಾಮಿನಲ್ಲಿ ನಾನಾದರೆ ಅಟ್ಲಾಂಟಿಕ್ ಕಡೆಯಿಂದ ಬರುವುದನ್ನೇ ಆರಿಸಿಕೊಳ್ಳುತ್ತೇನೆ, ದಿನದ ಓಟ ಹದವಾಗಿರುತ್ತದೆ. ಮಳೆಗಾಲದಲ್ಲಿ ಪೆಸಿಫಿಕ್ ಕಡೆಯಿಂದ ಬರುವುದು ವಾಸಿ, ಏಕೆಂದರೆ ಅಲ್ಲಿ ಬೆಳಿಗ್ಗೆ ಹೊಳವಾಗಿದ್ದು ಮಧ್ಯಾಹ್ನದ ಮೇಲೆ ಗುಡುಗುಮಳೆ ಸುರಿಯುವುದೇ ಹೆಚ್ಚು. ಬೆಳಗಿನೊಳಗೆ ಎರಡು ಲಾಕ್ ತಾಣಗಳನ್ನೂ ಕುಲೆಬ್ರಾವನ್ನೂ ನೋಡಿ ಮುಗಿಸಿದವರಿಗೆ ಆಮೇಲೆ ಮಳೆ ಬಂದರೂ ಕಳೆದುಕೊಳ್ಳುವುದು ಗಾಟುನ್ ಒಂದನ್ನೇ. ಹಡಗುಗಳು ಜಾಗ ಬದಲಿಸುವ ಕ್ರಮವೂ ಇದಕ್ಕೆ ಹೊಂದಿಕೊಂಡೇ ಇದೆ. ಮಳೆಯ ಅಕ್ಟೋಬರ್‌ನಲ್ಲಿ ಸಿಗುವ ಹಡಗುಗಳು ಬಹುಪಾಲು ಪೆಸಿಫಿಕ್‌ನಿಂದ ಬರುವವೇ.

ಹಡಗು ಯಾವ ಲಾಕ್ ಬಳಸುತ್ತದೆ ಎಂಬುದನ್ನು ದಿಕ್ಕಿಗಿಂತ ಮೊದಲೇ ಕೇಳಿ ಎಂದರೂ ಸಲ್ಲುತ್ತದೆ. ಹಳೆಯ ಲಾಕ್‌ಗಳ ಅಗಲ 33.5 ಮೀಟರ್. ಅದರಲ್ಲಿ 32.3 ಮೀಟರ್ ಅಗಲದ ಹಡಗು ತೂರಿದಾಗ ಒಂದೊಂದು ಪಕ್ಕಕ್ಕೆ ಉಳಿಯುವುದು ಅರವತ್ತು ಸೆಂಟಿಮೀಟರ್. ಕೆಳಗಿನ ಡೆಕ್‌ನ ಬಾಲ್ಕನಿಯಲ್ಲಿ ನಿಂತವರಿಗೆ ಗೋಡೆಯ ಪಾಚಿ, ಸಿಮೆಂಟಿನ ಬಿರುಕು, ನೂರು ವರ್ಷಗಳಲ್ಲಿ ಹಡಗುಗಳು ಉಜ್ಜಿದ ಗೀರು ಎಲ್ಲ ಕಾಣುತ್ತವೆ. ಗೋಡೆಯ ಮೇಲಿನ ಹಳಿಗಳಲ್ಲಿ ಹೇಸರಗತ್ತೆ ಎಂದು ಅಡ್ಡಹೆಸರಿರುವ ಎಂಜಿನ್‌ಗಳು ಉಕ್ಕಿನ ಹಗ್ಗ ಬಿಗಿದುಕೊಂಡು, ಗಂಟೆ ಬಾರಿಸುತ್ತಾ ಹಡಗಿನ ಜೊತೆಗೆ ಸಾಗುತ್ತವೆ. ಅವು ಹಡಗನ್ನು ಎಳೆಯುವುದಕ್ಕಿಂತ ಹೆಚ್ಚಾಗಿ ಗೋಡೆಗೆ ತಾಗದಂತೆ ನಡುವಿನಲ್ಲಿ ಹಿಡಿದಿಡುತ್ತವೆ. ಮೊದಲ ಹಗ್ಗವನ್ನು ಹಡಗಿಗೆ ತಲುಪಿಸಲು ಇಬ್ಬರು ಆಳುಗಳು ಹುಟ್ಟು ಹಾಕುವ ಪುಟ್ಟ ದೋಣಿಯಲ್ಲಿ, ಆ ದೈತ್ಯ ಹಡಗಿನ ಮೂತಿಯ ಕೆಳಗೇ ಬರುವುದನ್ನು ಮರೆಯಲಾಗದು. 2016ರಲ್ಲಿ ತೆರೆದ ಹೊಸ ಲಾಕ್‌ಗಳು 55 ಮೀಟರ್ ಅಗಲ. ಅಟ್ಲಾಂಟಿಕ್ ಕಡೆ ಅಗ್ವಾ ಕ್ಲಾರಾ, ಪೆಸಿಫಿಕ್ ಕಡೆ ಕೊಕೊಲಿ. ಅಲ್ಲಿ ಹಳಿಯೂ ಇಲ್ಲ, ಹೇಸರಗತ್ತೆಯೂ ಇಲ್ಲ, ಟಗ್ ದೋಣಿಗಳೇ ಹಡಗನ್ನು ಹಿಡಿದಿಡುತ್ತವೆ. ಕದಗಳು ಬಾಗಿಲಿನಂತೆ ತೆರೆಯದೆ ಪಕ್ಕಕ್ಕೆ ಸರಿಯುತ್ತವೆ. ದೊಡ್ಡ ಹಡಗನ್ನು ಆರಿಸಿಕೊಂಡರೆ ಹೊಸ ಲಾಕ್‌ಗಳ ಮೂಲಕವೇ ಹೋಗಬೇಕಾಗುತ್ತದೆ. ಹಾಗೆ ಹೋಗುವವರಿಗೆ ಪೆಸಿಫಿಕ್ ಕಡೆಯ ಮೂರು ಮೆಟ್ಟಿಲುಗಳೂ ಒಂದೇ ಕಡೆ ಸಿಗುವುದರಿಂದ ಮೇಲೆ ಹೇಳಿದ ದಿಕ್ಕಿನ ವ್ಯತ್ಯಾಸ ಬಹಳಷ್ಟು ಕರಗಿಹೋಗುತ್ತದೆ.

ಕೊನೆಗೆ, ಕೋಣೆ ಯಾವ ಪಕ್ಕ?

ದಿಕ್ಕು ನಿಶ್ಚಯವಾದ ಮೇಲೆ ಮಾತ್ರ ಈ ಹೆಜ್ಜೆಗೆ ಬರಬೇಕು. ಹಡಗಿನ ಮೂತಿಯ ಕಡೆ ಮುಖ ಮಾಡಿ ನಿಂತಾಗ ಎಡಗಡೆಯದನ್ನು ಪೋರ್ಟ್ ಎಂದೂ ಬಲಗಡೆಯದನ್ನು ಸ್ಟಾರ್‌ಬೋರ್ಡ್ ಎಂದೂ ಕೋಣೆಗಳ ನಕ್ಷೆಯಲ್ಲಿ ಗುರುತಿಸಿರುತ್ತಾರೆ.

ಕಾಲುವೆಯಲ್ಲಿ ನೋಡುವಂಥವು ಪೂರ್ವದ ದಂಡೆಯಲ್ಲೇ ಹೆಚ್ಚಾಗಿವೆ. ಹಳೆಯ ಗಾಟುನ್ ಲಾಕ್‌ನಿಂದ ಕಾಣುವ ಅಗ್ವಾ ಕ್ಲಾರಾ, ಚಾಗ್ರೆಸ್ ನದಿ ಬಂದು ಸೇರುವ ಗಂಬೋವಾ, ಕುಲೆಬ್ರಾದ ಗೋಲ್ಡ್ ಹಿಲ್, ಹಡಗಿನವರಿಗೆ ಜನ ಕೈಬೀಸುವ ಮಿರಾಫ್ಲೋರೆಸ್ ವೀಕ್ಷಣಾ ಕೇಂದ್ರ, ಕೊನೆಗೆ ಪನಾಮಾ ನಗರ. ಅಟ್ಲಾಂಟಿಕ್‌ನಿಂದ ಬರುವವರಿಗೆ ಇದು ಎಡಪಕ್ಕ, ಪೆಸಿಫಿಕ್‌ನಿಂದ ಬರುವವರಿಗೆ ಬಲಪಕ್ಕ. ಮಧ್ಯಾಹ್ನದ ಮೇಲೆ ಆ ಪಕ್ಕ ನೆರಳಿನಲ್ಲೂ ಇರುತ್ತದೆ. ಪಶ್ಚಿಮದ ದಂಡೆಯಲ್ಲಿ ಗಾಟುನ್ ಅಣೆಕಟ್ಟು ಮತ್ತು ಕೊಕೊಲಿ ಲಾಕ್‌ಗಳಿವೆ.

ಇಷ್ಟು ಓದಿ ಪಕ್ಕ ಆರಿಸಿಬಿಡಬೇಡಿ, ಮೆಕ್ಸಿಕೋ ಕರಾವಳಿಯಲ್ಲಿ ಲೆಕ್ಕ ಉಲ್ಟಾ. ಪಶ್ಚಿಮಕ್ಕೆ ಹೋಗುವ ಹಡಗಿಗೆ ನೆಲ ಇರುವುದು ಬಲಕ್ಕೆ, ದಕ್ಷಿಣದ ಬಿಸಿಲು ಬೀಳುವುದು ಎಡಕ್ಕೆ. ಪೂರ್ವಕ್ಕೆ ಹೋಗುವ ಹಡಗಿಗೆ ನೆಲ ಎಡಕ್ಕೆ, ಬಿಸಿಲು ಬಲಕ್ಕೆ. ಅಂದರೆ ಕಾಲುವೆಗೆ ಒಳ್ಳೆಯದಾದ ಪಕ್ಕ ಕರಾವಳಿಗೆ ಒಳ್ಳೆಯದಲ್ಲ, ಯಾವ ದಿಕ್ಕಿನಲ್ಲಿ ಹೋದರೂ ಈ ತೊಡಕು ತಪ್ಪದು. ನನ್ನ ಸಲಹೆ ಹೀಗಿದೆ: ಕಾಲುವೆಯ ದಿನ ಯಾರೂ ಕೋಣೆಯಲ್ಲಿ ಕೂರುವುದಿಲ್ಲ, ಕೂರಬಾರದು ಕೂಡ. ಆದ್ದರಿಂದ ಕೋಣೆಯನ್ನು ಕರಾವಳಿಗಾಗಿ ಆರಿಸಿ, ಪಶ್ಚಿಮಕ್ಕಾದರೆ ಬಲಪಕ್ಕ, ಪೂರ್ವಕ್ಕಾದರೆ ಎಡಪಕ್ಕ. ಬಾಲ್ಕನಿಯಿಂದ ಸೂರ್ಯಾಸ್ತ ನೋಡಬೇಕೆಂಬ ಆಸೆ ಇರುವವರು ಮಾತ್ರ ಇದನ್ನು ತಿರುಗಿಸಿಕೊಳ್ಳಬೇಕು, ಏಕೆಂದರೆ ಅಲ್ಲಿ ಸೂರ್ಯ ಮುಳುಗುವುದು ಬಿಸಿಲಿನ ಪಕ್ಕದ ಕಡಲಿನಲ್ಲಿ.

ಕಾಲುವೆಯ ದಿನ ಅಟ್ಲಾಂಟಿಕ್ ಕಡೆಯಿಂದ ಬರುವವರು ಮೊದಲ ಲಾಕ್‌ಗೆ ಮೂತಿಯ ಬಳಿ ನಿಂತು, ಎರಡನೆಯದಕ್ಕೆ ಹಡಗಿನ ಹಿಂಭಾಗಕ್ಕೆ ಹೋಗಬೇಕು. ಮುಂದೆ ಎಲ್ಲರೂ ಕಂಬಿ ಹಿಡಿದು ಒತ್ತಿಕೊಂಡಿರುವಾಗ ಹಿಂದೆ ಜಾಗ ಖಾಲಿ ಇರುತ್ತದೆ, ದಾಟಿ ಬಂದ ಕೊಠಡಿ ಒಂದು ಮೆಟ್ಟಿಲು ಕೆಳಗೆ ಕಾಣುತ್ತದೆ, ಪಕ್ಕದ ಸಾಲಿನಲ್ಲಿ ಬರುತ್ತಿರುವ ಸರಕು ಹಡಗು ನಿಧಾನವಾಗಿ ನೀರಿನೊಂದಿಗೆ ಮೇಲೇಳುವುದನ್ನೂ ನೋಡಬಹುದು. ಪೆಸಿಫಿಕ್‌ನಿಂದ ಬರುವವರು ಬೆಳಿಗ್ಗೆ ಎಲ್ಲಿ ನಿಂತರೂ ನಡೆಯುತ್ತದೆ. ಮಧ್ಯಾಹ್ನ ಸರೋವರ ದಾಟುವಾಗಲೇ ಒಂದು ಟೋಪಿ, ಒಂದು ಬಾಟಲಿ ನೀರು ಹಿಡಿದು ಮೂತಿಯ ಡೆಕ್‌ಗೆ ಹೋಗಿ ಗಾಟುನ್‌ಗೆ ಕಾಯಬೇಕು.